ಕ್ಯಾರೇಜು ಎಲ್ಲಿ ನಿಲ್ಲಬೇಕು?

ಲೇಥ್ ಕೊಳ್ಳಲು ಹೊರಟವರ ಕೈಗೆ ಸಿಗುವ ಕ್ಯಾಟಲಾಗುಗಳಲ್ಲಿ ಫೀಡ್ ಕುರಿತ ಸಾಲುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಉದ್ದ ಫೀಡ್ ಇಷ್ಟು ಬಗೆ, ಅಡ್ಡ ಫೀಡ್ ಇಷ್ಟು ಬಗೆ, ಇಂಚಿನ ಥ್ರೆಡ್ ಇಷ್ಟು, ಮೆಟ್ರಿಕ್ ಥ್ರೆಡ್ ಇಷ್ಟು. ಟೂಲನ್ನು ಹೊತ್ತ ಕ್ಯಾರೇಜು ಎಷ್ಟು ವಿಧದಲ್ಲಿ ಓಡಬಲ್ಲದು ಎಂಬ ಲೆಕ್ಕ ಅದು. ಹಾಗೆ ಓಡುತ್ತಿರುವ ಕ್ಯಾರೇಜು ತಿರುಗುವ ಚಕ್ಕಿಗೆ ಬಡಿಯುವ ಮೊದಲು ಯಾವ ಉಪಾಯದಿಂದ ನಿಲ್ಲುತ್ತದೆ, ನಿಂತದ್ದು ಪ್ರತಿಸಲವೂ ಅದೇ ಜಾಗದಲ್ಲಿ ನಿಲ್ಲುತ್ತದೆಯೇ, ಬಿಟ್ಟ ಹಿಡಿತವನ್ನು ಮತ್ತೆ ಹಿಡಿದಾಗ ಹಳೆಯ ಗೆರೆಯಲ್ಲೇ ಹಿಡಿಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಆ ಪಟ್ಟಿಯಲ್ಲಿ ಉತ್ತರ ಇರುವುದು ಅಪರೂಪ. ಕ್ಯಾರೇಜನ್ನು ಎಳೆಯುವುದು ಹೇಗೆ ಎಂಬ ಪ್ರಶ್ನೆ 1800ರ ಹೊತ್ತಿಗೇ ಬಹುಪಾಲು ಮುಗಿದಿತ್ತು. ಆಮೇಲಿನ ಇನ್ನೂರು ವರ್ಷಗಳಲ್ಲಿ ಬಂದ ಸಾಧನಗಳಲ್ಲಿ ಹೆಚ್ಚಿನವು ಅದನ್ನು ಬಿಡಿಸುವುದು ಹೇಗೆ ಎಂಬ ಎರಡನೆಯ ಪ್ರಶ್ನೆಯ ಸುತ್ತಲೇ ಹುಟ್ಟಿವೆ ಎಂಬುದು ಈ ಲೇಖನದ ವಾದ. ಫೀಡ್ ವ್ಯವಸ್ಥೆಗಳ ನಡುವಿನ ಹಳೆಯ ಜಗಳಗಳನ್ನು ಈ ಕಡೆಯಿಂದ ನೋಡಿದರೆ ಹಲವು ಸಂಗತಿಗಳಿಗೆ ಅರ್ಥ ಬರುತ್ತದೆ.

ಮೊದಲಿಗೆ ಒಂದು ಭೇದವನ್ನು ಗುರುತಿಸಿಕೊಳ್ಳಬೇಕು. ಲೇಥ್‌ನ ಕ್ಯಾರೇಜಿಗೆ ಇರುವ ಕೆಲಸ ಎರಡು, ಅವುಗಳ ಸ್ವಭಾವವೇ ಬೇರೆ. ಸಾದಾ ಟರ್ನಿಂಗ್‌ನಲ್ಲಿ ಟೂಲು ನಿಧಾನವಾಗಿ, ಒಂದೇ ಸಮನೆ ಮುಂದೆ ಹೋದರೆ ಸಾಕು. ಜಾಬಿನ, ಅಂದರೆ ಕಡೆಯುವ ತುಂಡಿನ, ಒಂದು ಸುತ್ತಿಗೆ ಅದು ಎಷ್ಟು ಸರಿಯಿತು ಎಂಬುದು ಮೇಲ್ಮೈಯ ನಯವನ್ನು ತೀರ್ಮಾನಿಸುತ್ತದೆ. ಟೂಲಿನ ಮೂತಿಯ ತ್ರಿಜ್ಯ 0.8 ಮಿ.ಮೀ., ಫೀಡ್ ಸುತ್ತಿಗೆ 0.2 ಮಿ.ಮೀ. ಆಗಿದ್ದರೆ ಉಳಿಯುವ ಗೆರೆಗಳ ಆಳ ಲೆಕ್ಕದ ಪ್ರಕಾರ ಸುಮಾರು 6 ಮೈಕ್ರಾನ್, ಫೀಡನ್ನು 0.1ಕ್ಕೆ ಇಳಿಸಿದರೆ ಅದು ಒಂದೂವರೆ ಮೈಕ್ರಾನ್‌ಗೆ ಬರುತ್ತದೆ. ಫೀಡ್ ಅರ್ಧವಾದರೆ ಗೆರೆ ಕಾಲುಭಾಗ. ಆದರೆ 0.1 ಬದಲು 0.103 ಆಯಿತೆಂದು ಯಾರೂ ಜಾಬನ್ನು ತಿರಸ್ಕರಿಸುವುದಿಲ್ಲ. ಥ್ರೆಡ್ ಕತ್ತರಿಸುವಾಗ ಈ ಉದಾರತೆ ನಡೆಯದು. ಅಲ್ಲಿ ಜಾಬನ್ನು ತಿರುಗಿಸುವ ಸ್ಪಿಂಡಲ್ ಒಂದು ಸುತ್ತು ಬಂದರೆ ಕ್ಯಾರೇಜು ಎಳೆಯಿಂದ ಎಳೆಗಿರುವ ಅಂತರದಷ್ಟೇ, ಅಂದರೆ ಪಿಚ್‌ನಷ್ಟೇ ಸರಿಯಬೇಕು. ಅಷ್ಟೇ ಸಾಲದು, ಎರಡನೆಯ, ಹತ್ತನೆಯ ಕೋತಕ್ಕೂ (ಒಂದು ಸಲದ ಕೊಯ್ತಕ್ಕೂ) ಟೂಲು ಮೊದಲನೆಯ ಗೆರೆಯೊಳಗೇ ಇಳಿಯಬೇಕು. ಒಂದರಲ್ಲಿ ಬೇಕಾದ್ದು ವೇಗ, ಇನ್ನೊಂದರಲ್ಲಿ ಬೇಕಾದ್ದು ಸಂಬಂಧ. ಮುಂದೆ ಬರುವ ಪಂಥಗಳೆಲ್ಲ ಈ ಎರಡನ್ನು ಒಂದೇ ಕೊರಳಿಗೆ ಕಟ್ಟಬೇಕೇ, ಬೇರೆ ಮಾಡಬೇಕೇ ಎಂಬಲ್ಲಿ ಕವಲೊಡೆದವು.

ಮಣಿಕಟ್ಟಿನಿಂದ ತಿರುಪಿಗೆ

ಚನ್ನಪಟ್ಟಣದ ಗೊಂಬೆ ತಿರುಗಣೆಯಲ್ಲಿ ಕ್ಯಾರೇಜೆಂಬುದೇ ಇಲ್ಲ. ಹಾಲೆ ಮರದ ತುಂಡು ತಿರುಗುತ್ತದೆ, ಉಳಿಯನ್ನು ಆನಿಕೆಯ ಮೇಲಿಟ್ಟು ಕೈ ನಡೆಸುತ್ತದೆ. ಫೀಡ್ ಎನ್ನುವುದು ಮಣಿಕಟ್ಟಿನಲ್ಲಿದೆ. ಹದಿನೆಂಟನೆಯ ಶತಮಾನದವರೆಗೆ ಲೋಹದ ಲೇಥ್‌ಗಳ ಪಾಡೂ ಬಹುಮಟ್ಟಿಗೆ ಇದೇ. ಮರ ಮತ್ತು ಅರಗಿಗೆ ಈ ವಿಧಾನ ಸಾಕು, ಸಾಕು ಎನ್ನುವುದಕ್ಕಿಂತ ಅದೇ ಚೆಂದ. ಏಕೆಂದರೆ ಕೈ ಬಿಡಬೇಕೆನಿಸಿದ ಕ್ಷಣ ಬಿಡುತ್ತದೆ, ಬಿಡುವುದಕ್ಕೆ ಅದಕ್ಕೆ ಯಾವ ಯಂತ್ರಾಂಗವೂ ಬೇಡ. ಕಬ್ಬಿಣದ ಉದ್ದನೆಯ ದಂಡವನ್ನು ಒಂದೇ ವ್ಯಾಸಕ್ಕೆ ತರಲು ಹೊರಟಾಗ ಮಾತ್ರ ಕೈ ಸೋಲುತ್ತದೆ. ಫ್ರಾನ್ಸಿನಲ್ಲಿ ಜಾಕ್ ದ ವೊಕಾನ್ಸನ್ ಹದಿನೆಂಟನೆಯ ಶತಮಾನದ ನಡುವಿನಲ್ಲಿ ಕಟ್ಟಿದ ಲೇಥ್‌ನಲ್ಲಿ ಟೂಲು ಕೈಯಿಂದ ಬಿಡಿಸಿಕೊಂಡು, ಅಂಚುಳ್ಳ ಹಳಿಗಳ ಮೇಲೆ ಜಾರುವ ಗಾಡಿಯನ್ನೇರಿತು. ಉದ್ದನೆಯ ತಿರುಪೊಂದನ್ನು ತಿರುಗಿಸಿದರೆ ಗಾಡಿ ಚಲಿಸುತ್ತಿತ್ತು. ಇಂಗ್ಲೆಂಡಿನ ಉಪಕರಣ ತಯಾರಕ ಜೆಸ್ಸಿ ರ‍್ಯಾಮ್ಸ್‌ಡನ್ 1770ರ ದಶಕದಲ್ಲಿ ನಿಖರ ತಿರುಪುಗಳನ್ನು ಕತ್ತರಿಸುವ ಯಂತ್ರಗಳನ್ನು ರಚಿಸಿದ. ಹೆನ್ರಿ ಮಾಡ್ಸ್‌ಲಿ 1800ರ ಆಸುಪಾಸಿನಲ್ಲಿ ಕಬ್ಬಿಣದ ಹಳಿ, ಜಾರುವ ಟೂಲ್ ಹಿಡಿಕೆ, ಕ್ಯಾರೇಜನ್ನು ಎಳೆಯುವ ತಿರುಪು (ಲೀಡ್ ಸ್ಕ್ರೂ), ಬದಲಿಸಬಹುದಾದ ಗೇರುಗಳು ಇವಿಷ್ಟನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದ. ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿರುವ ಆ ಪುಟ್ಟ ಲೇಥ್ ನೋಡಿದವರಿಗೆ ಇಂದಿನ ಸೆಂಟರ್ ಲೇಥ್‌ನ ಮುಖಚಹರೆ ಗುರುತು ಸಿಗುತ್ತದೆ.

ಮಾಡ್ಸ್‌ಲಿಯ ಗಮನವೆಲ್ಲ ತಿರುಪಿನ ಶುದ್ಧತೆಯ ಮೇಲಿತ್ತು, ಅದಕ್ಕೆ ಕಾರಣವೂ ಇತ್ತು. ಲೀಡ್ ಸ್ಕ್ರೂನಲ್ಲಿರುವ ತಪ್ಪು ಅದರಿಂದ ಕತ್ತರಿಸಿದ ಪ್ರತಿಯೊಂದು ಥ್ರೆಡ್ಡಿಗೂ ಇಳಿದು ಬರುತ್ತದೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಖಗೋಳ ಉಪಕರಣಗಳಿಗಾಗಿ ಅವನು ಮಾಡಿದ ಒಂದು ತಿರುಪಿನ ಉದ್ದ 5 ಅಡಿ, ವ್ಯಾಸ 2 ಇಂಚು, ಇಂಚಿಗೆ 50 ಎಳೆ. ಅದರ ನಟ್ಟಿನ ಉದ್ದ 12 ಇಂಚು, ಅಂದರೆ ಒಂದೇ ಸಲಕ್ಕೆ 600 ಎಳೆಗಳು ಕಚ್ಚಿಕೊಂಡಿರುತ್ತಿದ್ದವು. ಅಷ್ಟು ಎಳೆಗಳು ಒಟ್ಟಿಗೆ ಹಿಡಿದಾಗ ಒಂದೆರಡರ ತಪ್ಪು ಸರಾಸರಿಯಲ್ಲಿ ಕರಗಿಹೋಗುತ್ತದೆ. ಹಿಡಿತದ ಕಲೆ ಇಲ್ಲಿಗೆ ಶಿಖರ ಮುಟ್ಟಿತೆನ್ನಬಹುದು. ಆದರೆ ಅಷ್ಟು ಗಟ್ಟಿಯಾಗಿ ಹಿಡಿದದ್ದನ್ನು, ಯಂತ್ರ ತಿರುಗುತ್ತಿರುವಾಗಲೇ, ಬೇಕೆಂದಲ್ಲಿ ಬಿಡಿಸುವ ಸಮಸ್ಯೆ ಆಗ ತಾನೇ ತಲೆಯೆತ್ತಿತು.

ಒಂದೇ ತಿರುಪು ಸಾಕೆನ್ನುವ ಪಂಥ

ಮೊದಲ ಪರಿಹಾರ ನಟ್ಟನ್ನೇ ಸೀಳುವುದು. 1830ರ ದಶಕದಲ್ಲಿ ಜೋಸೆಫ್ ವಿಟ್‌ವರ್ತ್‌ನ ಲೇಥ್‌ಗಳಲ್ಲಿ ಕಾಣುವ, ಎರಡು ಹೋಳಾಗಿ ತೆರೆದುಕೊಳ್ಳುವ ನಟ್ಟು ಇಂದಿಗೂ ಹಾಫ್ ನಟ್ಟೆಂಬ ಹೆಸರಿನಲ್ಲಿ ಪ್ರತಿಯೊಂದು ಸೆಂಟರ್ ಲೇಥ್‌ನ ಏಪ್ರನ್ನಿನೊಳಗೆ, ಅಂದರೆ ಕ್ಯಾರೇಜಿನ ಮುಂದೆ ಇಳಿಬಿದ್ದ ಪೆಟ್ಟಿಗೆಯೊಳಗೆ, ಕೂತಿದೆ. ಲಿವರು ಒತ್ತಿದರೆ ಹೋಳುಗಳು ಲೀಡ್ ಸ್ಕ್ರೂವನ್ನು ಅಪ್ಪುತ್ತವೆ, ಎತ್ತಿದರೆ ಬಿಡುತ್ತವೆ. ಇಷ್ಟೇ ಇದ್ದರೆ ಟರ್ನಿಂಗೂ ಆಯಿತು, ಥ್ರೆಡ್ಡೂ ಆಯಿತು, ಇನ್ನೊಂದು ದಂಡ ಯಾಕೆ ಎಂಬುದು ಈ ಪಂಥದ ನಿಲುವು. ಇಂಗ್ಲೆಂಡಿನ ಮೈಫೋರ್ಡ್ ಎಂಎಲ್7ರಂಥ ಚಿಕ್ಕ ಲೇಥ್‌ಗಳೂ, ಈಗ ಲೋಕದ ತುಂಬ ಮಾರಾಟವಾಗುವ ಚೀನೀ ಮಿನಿ ಲೇಥ್‌ಗಳೂ ಈ ದಾರಿಯವೇ. ಅಗ್ಗ, ಸರಳ, ಕೆಡುವ ಭಾಗ ಕಡಿಮೆ.

ಇದಕ್ಕಿರುವ ಪ್ರಸಿದ್ಧ ಆಕ್ಷೇಪ ಸವೆತದ್ದು. ಹೆಚ್ಚಿನ ಕೆಲಸ ಚಕ್ಕಿನ ಪಕ್ಕದ ಒಂದು ಗೇಣಿನಲ್ಲೇ ನಡೆಯುವುದರಿಂದ ಲೀಡ್ ಸ್ಕ್ರೂ ಅಲ್ಲೇ ಹೆಚ್ಚು ಸವೆಯುತ್ತದೆ. ದಿನವಿಡೀ ಸಾದಾ ಟರ್ನಿಂಗ್‌ಗೆ ದುಡಿದ ತಿರುಪು, ಥ್ರೆಡ್ಡಿನ ದಿನ ಬಂದಾಗ ತನ್ನ ಸವೆತವನ್ನು ಜಾಬಿಗೆ ದಾಟಿಸುತ್ತದೆ. ಆಕ್ಷೇಪ ನಿಜ, ಆದರೆ ನಿರ್ಣಾಯಕವಲ್ಲ. ಸಾಮಾನ್ಯ ಬೋಲ್ಟು–ನಟ್ಟಿನ ಥ್ರೆಡ್ಡು ಒಂದಿಂಚಿನ ಉದ್ದದಲ್ಲಿ ಮುಗಿದುಹೋಗುತ್ತದೆ, ಅಷ್ಟರಲ್ಲಿ ಸೇರುವ ತಪ್ಪು ನಟ್ಟನ್ನು ತಡೆಯುವುದಿಲ್ಲ. ಇನ್ನೂ ತೂಕದ ಆಕ್ಷೇಪ ಬೇರೆಯದು. ಹಾಫ್ ನಟ್ಟು ಹಿಡಿದರೆ ಪೂರ್ತಿ ಹಿಡಿತ, ಬಿಟ್ಟರೆ ಪೂರ್ತಿ ಬಿಡುಗಡೆ, ನಡುವೆ ಏನೂ ಇಲ್ಲ. ಟೂಲು ಗಟ್ಟಿ ಚುಕ್ಕೆಗೆ ಸಿಕ್ಕಿದರೆ, ಕ್ಯಾರೇಜು ಹೋಗಿ ಚಕ್ಕಿಗೆ ತಾಗಿದರೆ, ತಿರುಪು ಜಾರಿಕೊಡುವುದಿಲ್ಲ. ಜಾರಕೂಡದು ಕೂಡ, ಜಾರಿದರೆ ಥ್ರೆಡ್ಡಿನ ಸಂಬಂಧವೇ ಹೋಯಿತು. ಹಾಗಾಗಿ ಲೀಡ್ ಸ್ಕ್ರೂಗೆ ಸಾಮಾನ್ಯವಾಗಿ ಕೊಡುವ ರಕ್ಷಣೆ, ಮುರಿಯಲೆಂದೇ ಇಟ್ಟ ಮೆದು ಪಿನ್ನು. ಒಂದೋ ಪೂರ್ತಿ ಹಿಡಿಯಬೇಕು, ಇಲ್ಲವೇ ಮುರಿಯಬೇಕು. ಥ್ರೆಡ್ಡಿಗೆ ಅನಿವಾರ್ಯವಾದ ಈ ಹಟವನ್ನು, ಅದರ ಅಗತ್ಯವೇ ಇಲ್ಲದ ಸಾದಾ ಟರ್ನಿಂಗ್‌ಗೂ ಹೊರಿಸುವುದು ಒಂದೇ ತಿರುಪಿನ ಪಂಥದ ನಿಜವಾದ ದೌರ್ಬಲ್ಯ.

ಎರಡು ದಂಡಗಳ ಪಂಥ

ದೊಡ್ಡ ಲೇಥ್‌ನ ಮುಂಭಾಗದಲ್ಲಿ ಒಂದರ ಕೆಳಗೊಂದು ಕಾಣುವ ಎರಡು ದಂಡಗಳಲ್ಲಿ ಎಳೆಯಿರುವುದು ಲೀಡ್ ಸ್ಕ್ರೂ, ನುಣ್ಣಗಿರುವುದು ಫೀಡ್ ರಾಡ್. ಫೀಡ್ ರಾಡ್‌ನ ಉದ್ದಕ್ಕೂ ಒಂದು ತೋಡು ಕೊರೆದಿರುತ್ತದೆ. ಏಪ್ರನ್ನಿನೊಳಗಿನ ವರ್ಮ್ ಆ ತೋಡಿನಗುಂಟ ಜಾರುತ್ತಾ ತಿರುಗುತ್ತದೆ. ವರ್ಮ್‌ನಿಂದ ವರ್ಮ್ ಚಕ್ರ, ಅಲ್ಲಿಂದ ಕ್ಲಚ್ಚು, ಕ್ಲಚ್ಚಿನಿಂದ ಪಿನಿಯನ್, ಪಿನಿಯನ್ ಹೋಗಿ ಲೇಥ್‌ನ ಹಾಸಿಗೆಯ (ಬೆಡ್ಡಿನ) ಕೆಳಗಿನ ಹಲ್ಲುಪಟ್ಟಿಯನ್ನು ಕಚ್ಚುತ್ತದೆ. ಈ ಸರಣಿಯಲ್ಲಿ ಎಲ್ಲಿ ಬೇಕಾದರೂ ಒಂದು ಜಾರುವ ಕೊಂಡಿ ಇಡಬಹುದು ಎಂಬುದೇ ಇದರ ಹೆಚ್ಚುಗಾರಿಕೆ. ಜಾರಿದರೆ ನಷ್ಟವಿಲ್ಲ, ಏಕೆಂದರೆ ಟರ್ನಿಂಗ್‌ಗೆ ಗೆರೆ ನೆನಪಿಟ್ಟುಕೊಳ್ಳುವ ಕೆಲಸವಿಲ್ಲ. ಅಮೆರಿಕದ ಸೌತ್ ಬೆಂಡ್ ಲೇಥ್‌ಗಳು ಲೀಡ್ ಸ್ಕ್ರೂ ಮೇಲೆಯೇ ತೋಡು ಕೊರೆದು ಒಂದೇ ದಂಡದಿಂದ ಎರಡೂ ಕೆಲಸ ತೆಗೆದವು: ಎಳೆಗಳು ಥ್ರೆಡ್ಡಿಗೆ ಮಾತ್ರ, ತೋಡು ಫೀಡ್‌ಗೆ. ದಂಡಗಳ ಸಂಖ್ಯೆಯಲ್ಲಿ ಅದು ಮೊದಲ ಪಂಥ, ತತ್ತ್ವದಲ್ಲಿ ಎರಡನೆಯದು.

ಬಿಡಿಸುವ ಉಪಾಯಗಳಲ್ಲಿ ಅತ್ಯಂತ ಸೊಗಸಾದದ್ದು ಬೀಳುವ ವರ್ಮ್. ವರ್ಮ್ ಇರುವ ತೊಟ್ಟಿಲು ಒಂದು ಕೊಕ್ಕೆಯ ಆಧಾರದಲ್ಲಿ ಮೇಲೆ ನಿಂತು ಚಕ್ರವನ್ನು ಕಚ್ಚಿರುತ್ತದೆ. ಕ್ಯಾರೇಜು ಹಾಸಿಗೆಯ ಮೇಲೆ ಬಿಗಿದ ನಿಲುಗಡೆಯ ಕಟ್ಟೆಗೆ ಒತ್ತಿಕೊಂಡ ಕೂಡಲೇ ಎಳೆತ ಏರುತ್ತದೆ, ಕೊಕ್ಕೆ ಬಿಟ್ಟುಕೊಡುತ್ತದೆ, ತೊಟ್ಟಿಲು ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಆ ‘ಟಕ್’ ಸದ್ದಿನೊಂದಿಗೆ ಕ್ಯಾರೇಜು ನಿಂತಿರುತ್ತದೆ. ಟರ್ನರು ಪಕ್ಕದ ಯಂತ್ರದಲ್ಲಿದ್ದರೂ ಚಿಂತೆಯಿಲ್ಲ. ಟೂಲು ಎಲ್ಲಾದರೂ ಸಿಕ್ಕಿಕೊಂಡಾಗಲೂ ಇದೇ ಕೊಕ್ಕೆ ಕಾಯುತ್ತದೆ. ಹೀಗೆ ನಿಲುಗಡೆ ಮತ್ತು ರಕ್ಷಣೆ ಎರಡನ್ನೂ ಒಂದೇ ಅಂಗ ನಿರ್ವಹಿಸುತ್ತದೆ. ಇದರ ಕೊರತೆಯೂ ಅಲ್ಲೇ ಇದೆ. ಕೊಕ್ಕೆಯ ಸ್ಪ್ರಿಂಗು ಸಡಿಲವಾದರೆ ದಪ್ಪ ಕೋತದ ನಡುವೆ ವರ್ಮ್ ಬೀಳುತ್ತದೆ, ಬಿಗಿಯಾದರೆ ಕಟ್ಟೆಗೆ ಒತ್ತಿ ಒತ್ತಿ ಕಟ್ಟೆಯನ್ನೇ ಸರಿಸುತ್ತದೆ. ನಿಲ್ಲುವ ಜಾಗ ಕೋತದ ಭಾರದ ಮೇಲೆ ತುಸು ಆಚೀಚೆ ಆಗುತ್ತದೆ. ಹಾಗಾಗಿ ಅನುಭವಿ ಟರ್ನರು ಆಟೋ ಫೀಡನ್ನು ಅಂಚಿಗೆ ಸ್ವಲ್ಪ ಮೊದಲೇ ಬಿಡಿಸಿ, ಕೊನೆಯ ಚೂರನ್ನು ಕೈಚಕ್ರದಿಂದ ಮುಗಿಸುವುದುಂಟು. ಚನ್ನಪಟ್ಟಣದ ಮಣಿಕಟ್ಟು ಅಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಎರಡು ದಂಡ ಬಂದ ಮೇಲೆ ಎರಡನ್ನೂ ಒಟ್ಟಿಗೆ ಹಿಡಿಸುವ ಅಪಾಯವೂ ಬಂತು. ಲೀಡ್ ಸ್ಕ್ರೂ ಒಂದು ವೇಗದಲ್ಲಿ, ಫೀಡ್ ರಾಡ್ ಇನ್ನೊಂದು ವೇಗದಲ್ಲಿ ಒಂದೇ ಕ್ಯಾರೇಜನ್ನು ಎಳೆದರೆ ಏಪ್ರನ್ನಿನೊಳಗೆ ಏನಾದರೊಂದು ಮುರಿಯಲೇಬೇಕು. ಅದಕ್ಕೆಂದೇ ಫೀಡ್ ಹಿಡಿದಾಗ ಹಾಫ್ ನಟ್ಟಿನ ಲಿವರು ಅಲುಗದಂತೆ ತಡೆಯುವ ಇಂಟರ್‌ಲಾಕ್ ಇಡುತ್ತಾರೆ. 1892ರಲ್ಲಿ ವೆಂಡೆಲ್ ನಾರ್ಟನ್ ಪೇಟೆಂಟ್ ಪಡೆದ, ಹೆಂಡಿ ಕಂಪನಿಯ ಲೇಥ್‌ಗಳಲ್ಲಿ ಮೊದಲು ಹೆಸರಾದ ಗೇರ್‌ಬಾಕ್ಸಿನ ಕತೆಯನ್ನೂ ಇಲ್ಲೇ ಹೇಳಿ ಮುಗಿಸಬಹುದು. ಚೇಂಜ್ ಗೇರುಗಳನ್ನು ಬಿಚ್ಚಿ ಕಟ್ಟುವ ಬದಲು ಒಂದು ಲಿವರನ್ನು ಬೇರೆ ತೂತಿಗೆ ಸರಿಸಿದರೆ ಫೀಡ್ ಬದಲಾಗುತ್ತದೆ. ಕೆಲಸದ ವೇಗದ ದೃಷ್ಟಿಯಿಂದ ಅದು ದೊಡ್ಡ ಕ್ರಾಂತಿ, ಕ್ಯಾಟಲಾಗಿನ ಅಂಕಿಗಳು ಉಬ್ಬಿದ್ದೂ ಅದರಿಂದಲೇ. ನಮ್ಮ ಪ್ರಶ್ನೆಗೆ ಅದು ಏನನ್ನೂ ಸೇರಿಸಲಿಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದೊಡನೆ ಬೆಂಗಳೂರಿನಲ್ಲಿ ನೆಲೆಯೂರಿದ ಎಚ್‌ಎಂಟಿ, ಇವುಗಳ ಲೇಥ್‌ಗಳಿಂದಾಗಿ ಲೀಡ್ ಸ್ಕ್ರೂ, ಫೀಡ್ ರಾಡ್, ಗೇರ್‌ಬಾಕ್ಸುಗಳ ಈ ಜೋಡಣೆ ಕರ್ನಾಟಕದ ಐಟಿಐಗಳಿಗೂ ಗ್ಯಾರೇಜುಗಳಿಗೂ ಪರಿಚಿತವಾಯಿತು.

ಹಾಫ್ ನಟ್ಟಿನ ಲೆಕ್ಕ

ಬಿಡುಗಡೆಯ ಸಮಸ್ಯೆ ಎಷ್ಟು ತೀಕ್ಷ್ಣವೆಂದು ತಿಳಿಯಲು ಥ್ರೆಡ್ಡಿನ ಒಂದು ಕೋತವನ್ನು ಹತ್ತಿರದಿಂದ ನೋಡಬೇಕು. 2 ಮಿ.ಮೀ. ಪಿಚ್ಚಿನ ಥ್ರೆಡ್ಡು ಒಂದು ಅಂಚಿನ ತನಕ ಹೋಗಬೇಕು, ಅಂಚಿನ ಮುಂದೆ ಟೂಲು ಹೊರಬರಲು 3 ಮಿ.ಮೀ. ಅಗಲದ ತೋಡು ಇದೆ ಎಂದಿಟ್ಟುಕೊಳ್ಳೋಣ. ಸ್ಪಿಂಡಲ್ ನಿಮಿಷಕ್ಕೆ 60 ಸುತ್ತು ತಿರುಗಿದರೆ ಟೂಲು ಸೆಕೆಂಡಿಗೆ 2 ಮಿ.ಮೀ. ಸರಿಯುತ್ತದೆ, ತೋಡು ದಾಟಲು ಒಂದೂವರೆ ಸೆಕೆಂಡು ಬೇಕು; ಹಾಫ್ ನಟ್ಟು ಎತ್ತಿ ಟೂಲು ಹಿಂದಕ್ಕೆ ಎಳೆಯಲು ಪಳಗಿದ ಕೈಗೆ ಅಷ್ಟು ಸಾಕು. ಅದೇ 400 ಸುತ್ತಿನಲ್ಲಿ ತೋಡು ದಾಟಲು ಕಾಲು ಸೆಕೆಂಡೂ ಉಳಿಯುವುದಿಲ್ಲ. ಕಣ್ಣು ಕಂಡು ಕೈ ಚಲಿಸುವಷ್ಟರಲ್ಲಿ ಟೂಲು ಅಂಚಿಗೆ ನುಗ್ಗಿರುತ್ತದೆ. ಕಾರ್ಬೈಡ್ ಟೂಲು ಬೇಡುವುದು ಹೆಚ್ಚಿನ ವೇಗವನ್ನೇ, ಉಕ್ಕೂ ಆಗಲೇ ನಯವಾಗಿ ಕತ್ತರಿಸುತ್ತದೆ. ಆದರೂ ಥ್ರೆಡ್ ಕತ್ತರಿಸುವವರು ರಿಚರ್ಡ್ ರಾಬರ್ಟ್ಸ್ 1817ರ ತನ್ನ ಲೇಥ್‌ನಲ್ಲಿ ಅಳವಡಿಸಿದಂಥ, ವೇಗ ತಗ್ಗಿಸುವ ಬ್ಯಾಕ್ ಗೇರಿಗೆ ಇಳಿಯುತ್ತಾರೆ. ಕತ್ತರಿಸುವ ವೇಗವನ್ನು ಟೂಲೂ ಲೋಹವೂ ನಿರ್ಧರಿಸುವುದಿಲ್ಲ, ಬಿಡಿಸುವ ಕೈ ನಿರ್ಧರಿಸುತ್ತದೆ. ಈ ಲೇಖನದ ವಾದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಇನ್ನೊಂದು ಪಾಡು. 6 ಮಿ.ಮೀ. ಪಿಚ್ಚಿನ ಲೀಡ್ ಸ್ಕ್ರೂ ಇರುವ ಲೇಥ್‌ನಲ್ಲಿ 2 ಅಥವಾ 1.5 ಮಿ.ಮೀ. ಥ್ರೆಡ್ಡು ಹಾಕುವಾಗ ಹಾಫ್ ನಟ್ಟನ್ನು ಎಲ್ಲಿ ಮುಚ್ಚಿದರೂ ಟೂಲು ಹಳೆಯ ಗೆರೆಗೇ ಬೀಳುತ್ತದೆ, ಏಕೆಂದರೆ 6ನ್ನು ಅವು ನಿಶ್ಶೇಷವಾಗಿ ಭಾಗಿಸುತ್ತವೆ. 12 ಮಿ.ಮೀ. ಬೋಲ್ಟಿನ 1.75 ಪಿಚ್ಚಿಗೆ ಬಂದರೆ ಲೆಕ್ಕ ತಪ್ಪುತ್ತದೆ; ಎರಡೂ ಕೂಡುವುದು 42 ಮಿ.ಮೀ.ಗೆ ಒಮ್ಮೆ. 20 ಮಿ.ಮೀ. ಬೋಲ್ಟಿನ 2.5 ಪಿಚ್ಚಿಗೆ 30 ಮಿ.ಮೀ.ಗೆ ಒಮ್ಮೆ. ಆ ಕ್ಷಣವನ್ನು ತೋರಿಸಲೆಂದೇ ಏಪ್ರನ್ನಿನ ಬದಿಯಲ್ಲಿ ಥ್ರೆಡ್ ಡಯಲ್ ಇರುತ್ತದೆ, ಮೆಟ್ರಿಕ್ ಲೇಥ್‌ಗಳಲ್ಲಿ ಅದರ ಗೇರನ್ನೂ ಪಿಚ್ಚಿಗೆ ತಕ್ಕಂತೆ ಬದಲಿಸಬೇಕಾಗುತ್ತದೆ. ಇಂಚು ಬಂದರಂತೂ ಡಯಲ್ ಕೈಚೆಲ್ಲುತ್ತದೆ. ಭಾರತ ಮೆಟ್ರಿಕ್ ಪದ್ಧತಿಗೆ ಬಂದು ದಶಕಗಳಾದರೂ ನೀರಿನ ಪೈಪುಗಳ ಥ್ರೆಡ್ಡು ಇಂದಿಗೂ ಇಂಚಿನ ಲೆಕ್ಕದ್ದೇ. ಒಂದಿಂಚಿನಿಂದ ಮೇಲಿನ ಬಿಎಸ್‌ಪಿ ಪೈಪಿಗೆ ಇಂಚಿಗೆ 11 ಎಳೆ. ಒಂದು ಇಂಚೆಂದರೆ 25.4 ಮಿ.ಮೀ., ಅದರೊಳಗೆ ಅಡಗಿರುವ 127 ಎಂಬ ಅವಿಭಾಜ್ಯ ಸಂಖ್ಯೆಯ ಕಾರಣ 127 ಹಲ್ಲಿನ ದೊಡ್ಡ ಗೇರು ಹಾಕಿ ಪಿಚ್ಚನ್ನೇನೋ ಸರಿಯಾಗಿ ಪಡೆಯಬಹುದು. ಆದರೆ 6 ಮಿ.ಮೀ. ಲೀಡ್ ಸ್ಕ್ರೂ ಮತ್ತು ಆ 11 ಎಳೆ ಮತ್ತೆ ಕೂಡುವುದು 762 ಮಿ.ಮೀ.ಗೆ ಒಮ್ಮೆ, ಅಂದರೆ ಸರಿಯಾಗಿ 30 ಇಂಚಿಗೆ. ಚಿಕ್ಕ ಲೇಥ್‌ಗಳ ಹಾಸಿಗೆಯೇ ಅಷ್ಟು ಉದ್ದವಿರುವುದಿಲ್ಲ. ಉಳಿಯುವ ದಾರಿ, ಕೆಲಸ ಮುಗಿಯುವ ತನಕ ಹಾಫ್ ನಟ್ಟು ತೆರೆಯದೆ, ಪ್ರತಿ ಕೋತದ ಕೊನೆಗೂ ಟೂಲು ಹಿಂದೆಳೆದು ಮೋಟಾರನ್ನೇ ಉಲ್ಟಾ ತಿರುಗಿಸುವುದು. ಬೋರ್‌ವೆಲ್ ಪೈಪಿನ ತುದಿಗೆ ಥ್ರೆಡ್ಡು ಹಾಕುವಾಗ ಲೇಥ್ ಮುಂದಕ್ಕೂ ಹಿಂದಕ್ಕೂ ತಿರುಗುವುದರ ಗುಟ್ಟು ಇದು.

ಇದಕ್ಕೆ ಯಂತ್ರದೊಳಗೇ ಸಿಕ್ಕ ಉತ್ತರ ಒಂದೇ ಹಲ್ಲಿನ ಕ್ಲಚ್ಚು. ಸ್ಪಿಂಡಲ್ ಒಂದು ಸುತ್ತಿಗೆ ಒಂದೇ ಸುತ್ತು ತಿರುಗುವ ಶಾಫ್ಟಿನ ಮೇಲೆ, ಪಿಚ್ಚು ಬದಲಿಸುವ ಗೇರುಗಳಿಗಿಂತ ಮೊದಲೇ, ಅದನ್ನು ಇಟ್ಟರೆ ಬಿಟ್ಟು ಹಿಡಿದಾಗಲೆಲ್ಲ ಅದು ಒಂದೇ ಕೋನದಲ್ಲಿ ಕಚ್ಚುತ್ತದೆ. ಆಗ ಇಂಚೋ ಮಿಲಿಮೀಟರೋ ಎಂಬ ಪ್ರಶ್ನೆಯೇ ಏಳುವುದಿಲ್ಲ, ಹಾಫ್ ನಟ್ಟು ಮುಚ್ಚಿಯೇ ಇರುತ್ತದೆ. ಇಂಗ್ಲೆಂಡಿನ ಐನ್‌ಜೆಸ್ಟ್ ಎಂಬ ಜೋಡಣೆ ಇನ್ನೊಂದು ಬಗೆ: ಕಟ್ಟೆಗೆ ತಾಗಿದೊಡನೆ ತಾನೇ ಸಿಡಿದು ಲೀಡ್ ಸ್ಕ್ರೂವನ್ನು ಬಿಡುತ್ತದೆ, ನೂರಾರು ಸುತ್ತಿನ ವೇಗದಲ್ಲೂ ಥ್ರೆಡ್ಡು ಹಾಕಬಹುದು. ಇಷ್ಟು ಉಪಯುಕ್ತವಾದ ಸಾಧನಗಳು ಯಾಕೆ ಎಲ್ಲ ಲೇಥ್‌ಗಳಲ್ಲೂ ಇಲ್ಲ ಎಂದರೆ, ಬೆಲೆ ಎಂಬುದು ಅರ್ಧ ಉತ್ತರ. ಬಿಡಿಸುವ ಗುಣವನ್ನು ಯಾರೂ ಅಂಕಿಗಳಲ್ಲಿ ಅಳೆದು ಮಾರಲಿಲ್ಲ ಎಂಬುದು ಇನ್ನರ್ಧ.

ಬೇರೆ ಮೋಟಾರು, ಬೇರೆ ಮೆದುಳು

ಮೂರನೆಯ ಪಂಥ ಸ್ಪಿಂಡಲ್‌ಗೂ ಕ್ಯಾರೇಜಿಗೂ ಇರುವ ನಂಟನ್ನೇ ಕಡಿಯಿತು. ಅಮೆರಿಕದ ಹಾರ್ಡಿಂಜ್ ಎಚ್‌ಎಲ್‌ವಿ ಲೇಥ್‌ನಲ್ಲಿ ಥ್ರೆಡ್ಡಿಗೆ ಗೇರು, ಲೀಡ್ ಸ್ಕ್ರೂಗಳು ಎಂದಿನಂತೆ ಇದ್ದರೂ ಸಾದಾ ಫೀಡ್‌ಗೆ ವೇಗ ಬದಲಿಸಬಲ್ಲ ಪ್ರತ್ಯೇಕ ಮೋಟಾರಿದೆ. ಗುಂಡಿ ತಿರುಗಿಸುತ್ತಾ, ಸದ್ದು ಕೇಳುತ್ತಾ, ಮೇಲ್ಮೈ ನೋಡುತ್ತಾ ಫೀಡ್ ಹೊಂದಿಸಬಹುದು. ಇದರ ವಿರುದ್ಧದ ವಾದ ಲೆಕ್ಕದ್ದು. ಸ್ಪಿಂಡಲ್ 500 ಸುತ್ತು, ಫೀಡ್ ನಿಮಿಷಕ್ಕೆ 100 ಮಿ.ಮೀ. ಇದ್ದರೆ ಸುತ್ತಿಗೆ 0.2 ಮಿ.ಮೀ. ಆಯಿತು. ಭಾರ ಬಿದ್ದು ಬೆಲ್ಟು ಜಾರಿ ಸ್ಪಿಂಡಲ್ 400ಕ್ಕೆ ಇಳಿದರೆ ಫೀಡ್ ಮೋಟಾರಿಗೆ ಅದರ ಅರಿವಿಲ್ಲ, ಸುತ್ತಿಗೆ 0.25 ಆಗುತ್ತದೆ, ಗೆರೆಯ ಆಳ 6 ಮೈಕ್ರಾನ್‌ನಿಂದ ಹತ್ತರ ಹತ್ತಿರಕ್ಕೆ ಏರುತ್ತದೆ, ಕೋತ ಇನ್ನಷ್ಟು ಭಾರವಾಗುತ್ತದೆ. ಗೇರಿನಿಂದ ಕಟ್ಟಿದ ಫೀಡ್‌ನಲ್ಲಿ ಸ್ಪಿಂಡಲ್ ನಿಧಾನಿಸಿದರೆ ಕ್ಯಾರೇಜೂ ನಿಧಾನಿಸುತ್ತದೆ, ಸ್ಪಿಂಡಲ್ ನಿಂತರೆ ಅದೂ ನಿಲ್ಲುತ್ತದೆ. ಅಂದರೆ ಗೇರುಗಳ ಸರಣಿಯಲ್ಲಿ ಯಾರೂ ಹೆಸರಿಟ್ಟು ಕರೆಯದ ಒಂದು ರಕ್ಷಣೆ ಅಡಗಿತ್ತು. ಪ್ರತ್ಯೇಕ ಮೋಟಾರು ಅದನ್ನು ಕಳೆದುಕೊಂಡಿತು, ಬದಲಿಗೆ ಬೇರೊಂದನ್ನು ಪಡೆಯಿತು: ಸ್ವಿಚ್ಚು ಒತ್ತಿದರೆ ಫೀಡ್ ಮಾತ್ರ ನಿಲ್ಲುತ್ತದೆ. ಸ್ಪಿಂಡಲ್ ಬಲವಾಗಿದ್ದು ವೇಗ ಕದಲದಿದ್ದರೆ ಈ ವ್ಯಾಪಾರ ಲಾಭದ್ದೇ. ಚಿಕ್ಕ ಮೋಟಾರಿನ, ಹಳೆ ಬೆಲ್ಟಿನ ಲೇಥ್‌ಗೆ ಅದು ತಕ್ಕುದಲ್ಲ.

ಕ್ಯಾಮ್ ಪಂಥ ಇನ್ನೂ ಹಳೆಯದು. 1873ರಲ್ಲಿ ಪೇಟೆಂಟ್ ಪಡೆದ ಕ್ರಿಸ್ಟೊಫರ್ ಸ್ಪೆನ್ಸರ್‌ನ ಸ್ವಯಂಚಾಲಿತ ಲೇಥ್‌ನಲ್ಲಿ ನಿಧಾನವಾಗಿ ತಿರುಗುವ ಪೀಪಾಯಿಗೆ ಬಿಗಿದ ಪಟ್ಟಿಗಳು ಟೂಲನ್ನು ತಳ್ಳಿ, ನಿಲ್ಲಿಸಿ, ಹಿಂದೆ ತರುತ್ತಿದ್ದವು. ಆ ಪೀಪಾಯಿಗೆ ಮೆದುಳು ಚಕ್ರವೆಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಕ್ಯಾಮ್‌ನಲ್ಲಿ ನಡೆಯೂ ನಿಲುಗಡೆಯೂ ಒಂದೇ ಗೆರೆಯ ಎರಡು ಭಾಗ; ಏರು ಮುಗಿದಲ್ಲಿ ಟೂಲು ನಿಂತಿತು. ಬಿಡಿಸುವ ಸಮಸ್ಯೆಯನ್ನು ಇಷ್ಟು ಪೂರ್ಣವಾಗಿ ಬಗೆಹರಿಸಿದ ಯಾಂತ್ರಿಕ ಉಪಾಯ ಇನ್ನೊಂದಿಲ್ಲ. ಅದಕ್ಕೆ ತೆರಬೇಕಾದ ಬೆಲೆಯೂ ಅಷ್ಟೇ: ಜಾಬು ಬದಲಾದರೆ ಕ್ಯಾಮ್ ಬದಲಾಗಬೇಕು. ಸಾವಿರಗಟ್ಟಲೆ ಒಂದೇ ಬಗೆಯ ಪಿನ್ನು, ಬುಷ್ಷು ಇಳಿಸುವಲ್ಲಿ ಅದು ಗೆದ್ದಿತು. ಜರ್ಮನಿಯ ಟ್ರಾಬ್ ಕಂಪನಿಯ ಹೆಸರು ನಮ್ಮ ಕೈಗಾರಿಕಾ ಪ್ರದೇಶಗಳಲ್ಲಿ ಇಂಥ ಯಂತ್ರಗಳ ಜಾತಿಯ ಹೆಸರೇ ಆಗಿಹೋಗಿದೆ. ಹತ್ತು ಜಾಬಿಗೆ ಕ್ಯಾಮ್ ಕಡೆಯುವವರು ಯಾರೂ ಇಲ್ಲ.

ಎನ್‌ಕೋಡರ್ ಬಂದ ಮೇಲೆ

1952ರಲ್ಲಿ ಎಂಐಟಿಯಲ್ಲಿ ಅಂಕಿಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದಾಗ ಆರಂಭವಾದ ದಾರಿ ಇಂದಿನ ಸಿಎನ್‌ಸಿ ಲೇಥ್‌ಗೆ ಬಂದು ಮುಟ್ಟಿದೆ. ಸ್ಪಿಂಡಲ್‌ಗೆ ಅದರ ತಿರುವನ್ನು ಎಣಿಸುವ ಎನ್‌ಕೋಡರ್, ಕ್ಯಾರೇಜಿಗೆ ಸರ್ವೋ ಮೋಟಾರು ಮತ್ತು ಬಾಲ್ ಸ್ಕ್ರೂ, ನಡುವೆ ಗೇರಿನ ಬದಲು ಲೆಕ್ಕ. ಫ್ಯಾನಕ್ ನಿಯಂತ್ರಣದ ಲೇಥ್‌ಗಳಲ್ಲಿ ಸಾಮಾನ್ಯವಾಗಿ ಜಿ98 ಎಂದರೆ ನಿಮಿಷಕ್ಕೆ ಇಷ್ಟು, ಜಿ99 ಎಂದರೆ ಸುತ್ತಿಗೆ ಇಷ್ಟು. ಒಂದು ಕಾಲದಲ್ಲಿ ಎರಡು ಬಗೆಯ ಯಂತ್ರಗಳಾಗಿದ್ದ ಪಂಥಗಳು ಎರಡು ಕೋಡುಗಳಾಗಿ ಒಂದೇ ಪರದೆಯ ಮೇಲೆ ಕೂತಿವೆ. ಎನ್‌ಕೋಡರ್ ಸುತ್ತಿಗೊಮ್ಮೆ ಕೊಡುವ ಸಂಕೇತ ಒಂದೇ ಹಲ್ಲಿನ ಕ್ಲಚ್ಚಿನ ಕೆಲಸವನ್ನು ಸವೆತವಿಲ್ಲದೆ ಮಾಡುತ್ತದೆ. 127 ಹಲ್ಲಿನ ಗೇರು ಒಂದು ಭಾಗಾಕಾರವಾಯಿತು. ಹಳೆಯ ಜಗಳಗಳೆಲ್ಲ ಮುಗಿದವೆಂದು ಹೇಳುವವರಿದ್ದಾರೆ. ಈ ಲೇಖನದ ವಾದಕ್ಕೆ ಎದುರಾಗುವ ಅತಿ ಬಲವಾದ ಆಕ್ಷೇಪ ಇದೇ: ನಿಲ್ಲು ಎಂದರೆ ನಿಲ್ಲುವ ಯಂತ್ರ ಬಂದಮೇಲೆ ಬಿಡಿಸುವ ಪ್ರಶ್ನೆ ಎಲ್ಲಿ ಉಳಿಯಿತು?

ಉಳಿದಿದೆ. ಅದೇ ನಿಯಂತ್ರಣಗಳಲ್ಲಿ ಥ್ರೆಡ್ಡಿನ ಕೋತ ನಡೆಯುತ್ತಿರುವಾಗ ಫೀಡ್ ಹೋಲ್ಡ್ ಗುಂಡಿ ಒತ್ತಿ ನೋಡಿ. ಸಾಧಾರಣ ಜೋಡಣೆಯಲ್ಲಿ ಕ್ಯಾರೇಜು ಕೂಡಲೇ ನಿಲ್ಲುವುದಿಲ್ಲ, ಕೋತ ಮುಗಿಸಿಯೇ ನಿಲ್ಲುತ್ತದೆ. ಫೀಡ್ ಹೆಚ್ಚುಕಡಿಮೆ ಮಾಡುವ ಗುಂಡಿಯೂ ಆಗ ಕೆಲಸ ಮಾಡದು. ನಡುವೆ ಬಿಟ್ಟರೆ ಟೂಲು ಎಳೆಯೊಳಗೇ ಸಿಕ್ಕಿ ಮುರಿಯುತ್ತದೆ ಎಂದು ನಿಯಂತ್ರಣ ಬರೆದವರಿಗೆ ಗೊತ್ತು. ಅಂದರೆ ಲೀಡ್ ಸ್ಕ್ರೂ ಹಟವನ್ನೇ ಅವರು ಸಾಫ್ಟ್‌ವೇರಿನಲ್ಲಿ ಮತ್ತೆ ಬರೆದರು. ನಡುವೆ ಬಿಡಬೇಕಾದರೆ ಟೂಲನ್ನು ಓರೆಯಾಗಿ ಹೊರಗೆಳೆಯುವ ಸೌಲಭ್ಯ ಪ್ರತ್ಯೇಕವಾಗಿ ಇರಬೇಕು. ಹಿಡಿಯುವ ಕಡೆಯಲ್ಲೂ ಹಾಗೆಯೇ. ಹಾಫ್ ನಟ್ಟು ಮುಚ್ಚಿದ ಕ್ಷಣವೇ ಕ್ಯಾರೇಜು ಪೂರ್ಣ ವೇಗಕ್ಕೆ ಬರುತ್ತದೆ. ಸರ್ವೋ ಮೋಟಾರಿಗೆ ವೇಗ ಏರಿಸಿಕೊಳ್ಳಲು ದೂರ ಬೇಕು, ಆ ದೂರದಲ್ಲಿ ಪಿಚ್ಚು ತಪ್ಪಿರುತ್ತದೆ. ಅದಕ್ಕೇ ಸಿಎನ್‌ಸಿ ಪ್ರೋಗ್ರಾಮಿನಲ್ಲಿ ಥ್ರೆಡ್ಡಿನ ಆರಂಭವನ್ನು ಜಾಬಿನ ಹೊರಗೇ, ಕೆಲವು ಮಿಲಿಮೀಟರು ಹಿಂದೆ ಇಡುತ್ತಾರೆ.

ಹಳೆಯ ಲೇಥ್‌ಗೆ ಎನ್‌ಕೋಡರ್ ಮತ್ತು ಸ್ಟೆಪ್ಪರ್ ಮೋಟಾರು ಕೂಡಿಸಿ, ಚೇಂಜ್ ಗೇರುಗಳನ್ನು ತೆಗೆದು, ಲೀಡ್ ಸ್ಕ್ರೂವನ್ನು ನೇರ ನಡೆಸುವ ಎಲೆಕ್ಟ್ರಾನಿಕ್ ಲೀಡ್ ಸ್ಕ್ರೂ ಈ ಎಲ್ಲದರ ನಡುವಿನ ದಾರಿ. ಕಡಿಮೆ ಖರ್ಚಿನಲ್ಲಿ ಯಾವ ಪಿಚ್ಚು ಬೇಕಾದರೂ ಸಿಗುತ್ತದೆ, ಗೇರುಗಳ ಗಲಾಟೆಯಿಲ್ಲ. ಆದರೆ ಸ್ಟೆಪ್ಪರ್ ಮೋಟಾರಿಗೆ ಭಾರ ಮೀರಿದರೆ ಅದು ಮುರಿಯುವುದಿಲ್ಲ, ‘ಟಕ್’ ಎನ್ನುವುದಿಲ್ಲ. ಕೆಲವು ಹೆಜ್ಜೆ ತಪ್ಪಿಸಿಕೊಂಡು ಏನೂ ಆಗದಂತೆ ಮುಂದುವರಿಯುತ್ತದೆ. ಮರು ಕೋತದಲ್ಲಿ ಟೂಲು ಬೇರೆ ಗೆರೆಗೆ ಬಿದ್ದಾಗಲೇ ತಿಳಿಯುವುದು. ಬಿಡಬಾರದಲ್ಲಿ ಮೌನವಾಗಿ ಬಿಡುವ ಈ ಗುಣ, ಮೆದು ಪಿನ್ನಿನ ಪ್ರಾಮಾಣಿಕತೆಗಿಂತ ಕೆಟ್ಟದ್ದು. ಕರೆಂಟು ಹೋದಾಗಿನ ಸಂಗತಿಯೂ ಹೀಗೇ. ಗೇರಿನ ಲೇಥ್‌ನಲ್ಲಿ ಸ್ಪಿಂಡಲ್ ಎಷ್ಟು ತೂಗಿಕೊಂಡು ತಿರುಗಿದರೂ ಕ್ಯಾರೇಜು ಅಷ್ಟೇ ಸರಿದು ಎರಡೂ ಒಟ್ಟಿಗೆ ನಿಲ್ಲುತ್ತವೆ, ಥ್ರೆಡ್ಡು ಕೆಡುವುದಿಲ್ಲ. ಎಲೆಕ್ಟ್ರಾನಿಕ್ ಜೋಡಣೆಯಲ್ಲಿ ಸ್ಟೆಪ್ಪರ್ ತಕ್ಷಣ ಸತ್ತು, ಭಾರದ ಚಕ್ಕು ಇನ್ನೂ ತಿರುಗುತ್ತಿರುತ್ತದೆ. ವಿದ್ಯುತ್ತು ಹೇಳದೆ ಕೇಳದೆ ಹೋಗುವ ನಾಡಿನಲ್ಲಿ ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವಂತಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಹಾಗಾದರೆ ತೀರ್ಮಾನಕ್ಕೆ ಬಂದದ್ದೇನು, ಬಾರದ್ದೇನು? ಟರ್ನಿಂಗ್ ಫೀಡ್‌ಗೆ ಜಾರುವ ಕೊಂಡಿ ಇರಬೇಕು, ಥ್ರೆಡ್ಡಿಗೆ ಇರಕೂಡದು ಎಂಬಲ್ಲಿ ಈಗ ಹೆಚ್ಚಿನ ಭಿನ್ನಮತವಿಲ್ಲ. ಪಿಚ್ಚಿನ ಅನುಪಾತಕ್ಕೆ ಗೇರಿಗಿಂತ ಲೆಕ್ಕವೇ ಮೇಲು ಎಂಬುದೂ ಬಹುಮಟ್ಟಿಗೆ ಒಪ್ಪಿತ. ಒಪ್ಪಿತವಾಗದ್ದು ನಿಲುಗಡೆಯ ಅಧಿಕಾರ ಎಲ್ಲಿರಬೇಕು ಎಂಬುದು. ಕಟ್ಟೆ, ಕೊಕ್ಕೆ, ಕ್ಲಚ್ಚುಗಳು ಕ್ಯಾರೇಜಿನ ಹತ್ತಿರವೇ ಕೂತು ಬಲವನ್ನು ನೇರ ಅನುಭವಿಸುತ್ತವೆ. ಸಾಫ್ಟ್‌ವೇರ್ ಮಿತಿ ಸ್ಥಾನವನ್ನು ಮಾತ್ರ ಬಲ್ಲದು, ಹೊಂದಿಸಿದ ಶೂನ್ಯ ತಪ್ಪಾಗಿದ್ದರೆ ಅದು ತಪ್ಪು ಜಾಗವನ್ನೇ ನಿಷ್ಠೆಯಿಂದ ಕಾಯುತ್ತದೆ. ಎರಡನ್ನೂ ಇಟ್ಟರೆ ಯಾವುದು ಮೊದಲು ಬಿಡಬೇಕು ಎಂಬುದಕ್ಕೆ ತಯಾರಕರಲ್ಲಿ ಒಮ್ಮತವಿಲ್ಲ. ಸರ್ವೋ ಮೋಟಾರಿನ ಕರೆಂಟು ನೋಡಿ ಭಾರ ಅಳೆಯುವ ವಿಧಾನ ಭರವಸೆಯದ್ದೇ, ಆದರೆ ದಪ್ಪ ಕೋತದ ಸಹಜ ಏರಿಳಿತಕ್ಕೂ ಡಿಕ್ಕಿಯ ಮೊದಲ ಕ್ಷಣಕ್ಕೂ ಇರುವ ವ್ಯತ್ಯಾಸವನ್ನು ಅದು ಎಷ್ಟು ಬೇಗ ಹಿಡಿಯಬಲ್ಲದು ಎಂಬುದು ಒಂದೊಂದು ಯಂತ್ರಕ್ಕೂ ಬೇರೆ. ಐಟಿಐ ಟರ್ನರಿಗೆ ಹಾಫ್ ನಟ್ಟಿನ ಕೈಚಳಕ ಎಷ್ಟು ದಿನ ಕಲಿಸಬೇಕು ಎಂಬ ವಾದವೂ ಇದರ ಮರಿ. ಸಿಎನ್‌ಸಿ ಬಂದಮೇಲೆ ಅದು ದಂಡ ಎನ್ನುವವರಿಗೆ, ಪ್ರೋಗ್ರಾಮಿನಲ್ಲಿ ಆ ಕೆಲವು ಮಿಲಿಮೀಟರು ಹಿಂದೆ ಯಾಕೆ ಇಡಬೇಕೆಂಬುದು ಕೈಯಲ್ಲಿ ಥ್ರೆಡ್ಡು ಹಾಕಿದವರಿಗೆ ಹೇಳದೆಯೇ ತಿಳಿಯುತ್ತದೆ ಎಂಬುದು ಎದುರು ಮಾತು. ಬಾಳಿಕೆಯ ಪ್ರಶ್ನೆ ಕೊನೆಯದು, ಬಹುಶಃ ಕಠಿಣವಾದದ್ದೂ ಹೌದು. ಹರಿಹರದ ಕಾರ್ಖಾನೆ ಮುಚ್ಚಿದರೂ ಅದರ ಲೇಥ್‌ಗಳ ಸವೆದ ಹಾಫ್ ನಟ್ಟನ್ನು ಕಂಚು ಎರಕ ಹೊಯ್ಯಬಲ್ಲ ಯಾವ ಊರಿನಲ್ಲಾದರೂ ಹೊಸದಾಗಿ ಮಾಡಿಸಬಹುದು. ತಯಾರಿಕೆ ನಿಂತುಹೋದ ನಿಯಂತ್ರಣ ಕಾರ್ಡಿಗೆ ಅಂಥ ಊರಿಲ್ಲ.

ಲೇಥ್ ಕೊಳ್ಳುವವರಿಗೆ ಇಷ್ಟರಲ್ಲಿ ಕೆಲಸಕ್ಕೆ ಬರುವ ಮಾತು ಒಂದಿದೆ. ಫೀಡ್‌ಗಳ ಸಂಖ್ಯೆ ಎಣಿಸುವ ಮೊದಲು ಹಾಸಿಗೆಯ ಮೇಲೆ ಡಯಲ್ ಇಂಡಿಕೇಟರ್ ನಿಲ್ಲಿಸಿ, ಕ್ಯಾರೇಜನ್ನು ಆಟೋ ಫೀಡ್‌ನಲ್ಲಿ ಕಟ್ಟೆಯ ತನಕ ಹತ್ತು ಸಲ ಓಡಿಸಿ, ಹತ್ತು ಸಲವೂ ಮುಳ್ಳು ಎಲ್ಲಿ ನಿಂತಿತೆಂದು ಬರೆದುಕೊಳ್ಳಿ. ಆ ಹತ್ತು ಅಂಕಿಗಳನ್ನು ಯಾವ ಕ್ಯಾಟಲಾಗೂ ನಿಮಗಾಗಿ ಅಚ್ಚು ಹಾಕಿರುವುದಿಲ್ಲ.